ಅಪ್ಪನ ಕೇಪಿನ ಕೋವಿ ನನ್ನ ಹೆಸರಿಗೆ ಬರಲು ಎರಡು ವರ್ಷ ಮೂರು ತಿಂಗಳು

2023ರ ಆಟಿ ತಿಂಗಳಲ್ಲಿ, ಅಂದರೆ ಜುಲೈಯಲ್ಲಿ, ಅಪ್ಪ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ನಡುಕೋಣೆಯ ಬತ್ತದ ಪತ್ತಾಯದ ಹಿಂದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಕೇಪಿನ ಕೋವಿಯ, ಅಂದರೆ ನಳಿಗೆಯ ಬಾಯಿಯಿಂದ ಕರಿಮದ್ದು ತುಂಬಿಸಿ, ಬಡಿದರೆ ಕಿಡಿ ಕಾರುವ ಕೇಪೆಂಬ ಪುಟ್ಟ ಲೋಹದ ಟೊಪ್ಪಿಯಿಂದ ಹಾರಿಸುವ ಹಳೆಯ ಬಗೆಯ ಕೋವಿಯ, ನೆನಪಾದದ್ದು ನನಗಲ್ಲ, ಸೋದರಮಾವನಿಗೆ. "ಅಲ್ಲ ಮಾರಾಯ, ಭಾವನ ಕೋವಿ ಠಾಣೆಗೆ ಕೊಟ್ಟಾಯಿತೋ?" ಎಂದು ಅವರು ಚಪ್ಪಲಿ ಮೆಟ್ಟುತ್ತಾ ಕೇಳಿದಾಗ, ಕೊಡಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಮನೆಯ ಉಳಿದ ಸೊತ್ತಿನ ಹಾಗೆ ಅದೂ ನಮಗೇ ಬಂತೆಂದು ತಿಳಿದಿದ್ದೆ. ಪರವಾನಗಿ ಇರುವುದು ವ್ಯಕ್ತಿಯ ಹೆಸರಿನಲ್ಲಿ. ಆ ವ್ಯಕ್ತಿ ಹೋದ ಮೇಲೆ ಕೋವಿ ಮನೆಯಲ್ಲಿರುವುದು ಕಾನೂನಿನ ಕಣ್ಣಿಗೆ ಪರವಾನಗಿ ಇಲ್ಲದ ಆಯುಧ ಇಟ್ಟುಕೊಂಡಂತೆಯೇ. 1959ರ ಆಯುಧ ಕಾಯಿದೆಯ 21ನೆಯ ಕಲಮಿನ ಪ್ರಕಾರ ಅದನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಅಪ್ಪನೋ ಅಜ್ಜನೋ ತೀರಿಹೋದ ಮನೆಯಲ್ಲಿ ಕೋವಿ ಇದ್ದರೆ, ಉಳಿದ ಕಾಗದಪತ್ರಗಳನ್ನು ಹುಡುಕುವ ಮೊದಲು ಈ ಒಂದು ಕೆಲಸವನ್ನು ಮಾಡಿ ಮುಗಿಸಿ.

ಮರುದಿನವೇ ಜೀಪು ಮಾಡಿಕೊಂಡು ಹೋಗಿ ಠಾಣೆಗೆ ಕೊಟ್ಟೆ, ರಶೀದಿಯನ್ನೂ ಪಡೆದೆ. ಮಳೆ ಜೋರಿತ್ತು, ಮನಸ್ಸು ಸರಿಯಿರಲಿಲ್ಲ, ರಶೀದಿ ಮಲಯಾಳದಲ್ಲಿತ್ತು. ಮಡಚಿ ಕಿಸೆಗೆ ಹಾಕಿಕೊಂಡು ಬಂದೆ. ಅದರಲ್ಲಿ 'ನಾಡನ್ ತೋಕ್ ಒಂದು' ಎಂದು ಬರೆದಿತ್ತೆಂಬುದನ್ನು ನಾನು ಓದಿದ್ದು ಎಷ್ಟೋ ತಿಂಗಳ ಮೇಲೆ. ಬರೆದವರ ಮನಸ್ಸಿನಲ್ಲಿ ಹಳೆಯ ಊರ ಕೋವಿ ಎಂಬ ಅರ್ಥವಷ್ಟೇ ಇದ್ದಿರಬಹುದು. ಆದರೆ ಪೊಲೀಸ್ ಕಾಗದದಲ್ಲಿ ಆ ಎರಡು ಶಬ್ದಗಳಿಗೆ ಪರವಾನಗಿಯಿಲ್ಲದ ಕಳ್ಳಕೋವಿ ಎಂಬ ವಾಸನೆ ಇದೆ. ಕೋವಿಯ ನಂಬ್ರ, ನಳಿಗೆಯ ಉದ್ದ, ಪರವಾನಗಿಯ ಸಂಖ್ಯೆ ಯಾವುದೂ ಅದರಲ್ಲಿ ಇರಲಿಲ್ಲ. ಮುಂದಿನ ಎರಡು ವರ್ಷದ ಅಲೆದಾಟದಲ್ಲಿ ಅರ್ಧದಷ್ಟಕ್ಕೆ ಬೀಜ ಬಿದ್ದದ್ದು ಅಂದು, ಆ ಕೌಂಟರಿನ ಮುಂದೆ, ನನ್ನ ಅಜಾಗ್ರತೆಯಿಂದಲೇ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ, ಕಾಡಿನ ಅಂಚಿಗೆ ತಾಗಿದ ಅಡಿಕೆ ತೋಟ. ಮೊದಲು ಹಂದಿಗಳು ಗುಡ್ಡದಾಚೆಯ ಮರಗೆಣಸಿನ ಗದ್ದೆಗಷ್ಟೇ ಬರುತ್ತಿದ್ದವು. ಈಗ ಅಂಗಳದ ಕೆಳಗಿನ ಬಾಳೆಯ ಬುಡದವರೆಗೆ ಒಕ್ಕಿ ಹಾಕುತ್ತವೆ. ಅಪ್ಪ ಹೋದ ವರ್ಷವೇ, ಆಟಿಯ ಮರುತಿಂಗಳಾದ ಸೋಣದಲ್ಲಿ, ಹೊಸದಾಗಿ ನೆಟ್ಟ ಅಡಿಕೆ ಸಸಿಗಳಲ್ಲಿ ನಲ್ವತ್ತನ್ನು ಒಂದೇ ರಾತ್ರಿ ಕಿತ್ತು ಮಲಗಿಸಿದ್ದವು. ಒಂದನ್ನೂ ತಿಂದಿರಲಿಲ್ಲ, ಬುಡದ ಗೊಬ್ಬರದಲ್ಲಿದ್ದ ಎರೆಹುಳಕ್ಕೆ ಅಷ್ಟು ಕೆಲಸ. ಅಪ್ಪನ ಕೋವಿ ಬೇಕೇಬೇಕು ಎಂದು ನಾನು ತೀರ್ಮಾನಿಸಿದ್ದು ಆ ಬೆಳಿಗ್ಗೆ.

ಅದು ಅಪ್ಪನದೇ ಕೋವಿಯಾಗಬೇಕೇ, ಹೊಸತಾದರೆ ಯಾವುದು ಎಂಬ ಪ್ರಶ್ನೆ ಬಂದದ್ದು ಪೆನ್ಸಿಲ್ವೇನಿಯಾದಲ್ಲಿರುವ ಚಿಕ್ಕಪ್ಪನ ಮಗನಿಂದ. ಅವನು ಅಲ್ಲಿ ಅಳಿಲು, ಮೊಲಗಳ ಸಣ್ಣ ಬೇಟೆಯ ಹುಚ್ಚು ಹಿಡಿಸಿಕೊಂಡವನು. ಆ ರಾಜ್ಯದಲ್ಲಿ ಕ್ರಿಸ್‌ಮಸ್ ಮುಗಿದ ಕೂಡಲೇ ಚಕಮಕಿ ಕೋವಿಗೆಂದೇ ಮೀಸಲಾದ ಜಿಂಕೆ ಬೇಟೆಯ ಋತುವೊಂದು ಇದೆ. "ಅಣ್ಣಾ, ಹೇಗೂ ನಿಮಗೆ ಎದುರಿನಿಂದ ಮದ್ದು ತುಂಬಿಸುವ ಕೋವಿಯನ್ನೇ ಕೊಡುವುದಾದರೆ ಕಲ್ಲಿನ ರೈಫಲನ್ನೇ ನೋಡಿ. ಕೇಪು ಹುಡುಕುವ ತಾಪತ್ರಯವೇ ಇಲ್ಲ" ಎಂದು ಅವನು ಫೋನಿನಲ್ಲಿ ಗಂಟೆಗಟ್ಟಲೆ ವಿವರಿಸಿದ. ಅವನು ಕಳುಹಿಸಿದ ವಿಡಿಯೋದಲ್ಲಿ, ಕೋವಿಯ ಕುದುರೆ ಎನ್ನುವ ಬಡಿಯುವ ಭಾಗದ ದವಡೆಯಲ್ಲಿ ಚರ್ಮದ ತುಂಡಿನೊಡನೆ ಕಚ್ಚಿ ಕೂರಿಸಿದ ಚಕಮಕಿ ಕಲ್ಲು ಉಕ್ಕಿನ ತಟ್ಟೆಗೆ ಗೀರಿ, ತಟ್ಟೆ ಹಿಂದಕ್ಕೆ ಬಿದ್ದು, ಕೆಳಗಿನ ಪುಟ್ಟ ಬಟ್ಟಲಿನ ನಯವಾದ ಮದ್ದಿಗೆ ಕಿಡಿ ತಾಗಿ, ಅದರ ಬೆಂಕಿ ನಳಿಗೆಯ ಪಕ್ಕದ ತೂತಿನಿಂದ ಒಳಗೆ ಹೋಗಿ, ತುಂಬಿಟ್ಟ ಮದ್ದುಗುಂಡಿನ ಈಡು ಸಿಡಿಯುವುದನ್ನು ನಿಧಾನಗತಿಯಲ್ಲಿ ತೋರಿಸಿದ್ದರು. ನಾನದನ್ನು ಹತ್ತು ಸಲವಾದರೂ ನೋಡಿದೆ. ಅಳಿಲಿನಂಥ ಸಣ್ಣ ಪ್ರಾಣಿಗೆ ಅವರು ಆರಿಸುವುದು .32ರಿಂದ .40 ಇಂಚಿನವರೆಗಿನ ನಳಿಗೆ; ಅವನದು .36, ಅಂದರೆ ಒಂಬತ್ತು ಮಿಲಿಮೀಟರಿನಷ್ಟು. ಅದರ ಸೀಸದ ಗುಂಡಿನ ತೂಕ ನಾಲ್ಕು ಗ್ರಾಮಿನ ಆಸುಪಾಸು. ಎಣ್ಣೆ ಸವರಿದ ಬಟ್ಟೆಯ ಚೂರಿನಲ್ಲಿ ಗುಂಡನ್ನು ಸುತ್ತಿ ಗಜವೆಂಬ ಉದ್ದ ಕೋಲಿನಿಂದ ತಳ್ಳಬೇಕು. ಆಗ ನಳಿಗೆಯ ಒಳಗಿನ ಸುರುಳಿ ಗೆರೆಗಳು ಬಟ್ಟೆಯನ್ನು ಹಿಡಿದು ಗುಂಡನ್ನು ತಿರುಗಿಸುತ್ತವೆ. ದೊಡ್ಡ ಗುಂಡಾದರೆ ತಿನ್ನಲು ಮಾಂಸವೇ ಉಳಿಯುವುದಿಲ್ಲವಂತೆ.

ಕೇಳಲು ಚೆಂದ. ಆದರೆ ಇದರಲ್ಲಿ ಒಂದೂ ನಮಗೆ ನಡೆಯುವುದಿಲ್ಲ. ಇದು ತಿಳಿಯದೆ ಮೊದಲ ದಿನವೇ ಅರ್ಜಿಯಲ್ಲಿ 'ರೈಫಲ್' ಎಂದು ಬರೆದು ಹಿಂದಕ್ಕೆ ಪಡೆದವರೊಬ್ಬರನ್ನು ನಾನು ಬಲ್ಲೆ. ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ಎದುರಿನಿಂದ ಮದ್ದು ತುಂಬಿಸುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ, ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿಗೆ, ಅಂದರೆ ಕಾಡತೂಸು ಹಾಕುವ, ನಾವು ತೋಟೆಕೋವಿ ಎನ್ನುವುದಕ್ಕೆ, ಪರವಾನಗಿ ಕೊಡಬಹುದು. ಒಳಗೆ ಗೆರೆಯಿರುವ ರೈಫಲ್ ಈ ಸಾಲಿನಲ್ಲೇ ಇಲ್ಲ. ಬೇಟೆಯ ಮಾತಂತೂ ಎತ್ತಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮುಂದೆ ಮೊಲ, ಕಾಡುಕೋಳಿ, ನಮ್ಮ ತೆಂಗಿನ ಬೊಂಡಕ್ಕೆ ತೂತು ಕೊರೆಯುವ ಕೆಂದಳಿಲು ಎಲ್ಲವೂ ಒಂದೇ. ಅಜ್ಜನ ಕಾಲದ 'ಸಣ್ಣ ಬೇಟೆ' ಇಂದು ಜೈಲಿನ ದಾರಿ. ಅರ್ಜಿಯಲ್ಲಿ ಉದ್ದೇಶದ ಜಾಗದಲ್ಲಿ 'ಬೆಳೆ ರಕ್ಷಣೆ' ಎಂಬ ಎರಡು ಶಬ್ದ ಬಿಟ್ಟು ಬೇರೇನನ್ನೂ ಬರೆಯದಿರಿ. ಕೊಡಗಿನ ನೆಂಟರ ಮನೆಯಲ್ಲಿ ಪರವಾನಗಿಯೇ ಇಲ್ಲದೆ ಕೋವಿ ತೂಗುಹಾಕಿದ್ದನ್ನು ಕಂಡವರು ನಮಗೂ ಹಾಗೆಯೇ ಎಂದುಕೊಳ್ಳುವುದುಂಟು. ಕೊಡವರಿಗೂ ಜಮ್ಮಾ ಎಂಬ ಪರಂಪರೆಯ ಜಮೀನಿನ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಕಾಸರಗೋಡಿನ ಕೃಷಿಕರಿಗೆ ಇಲ್ಲ.

ತೋಟೆಕೋವಿಗೆ ಪ್ರಯತ್ನಿಸೋಣವೇ ಎಂದೂ ಯೋಚಿಸಿದೆ. ಮಳೆಯಲ್ಲಿ ಅದರಷ್ಟು ಭರವಸೆಯದು ಬೇರೆ ಇಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಊರಿನಲ್ಲಿ, ತೆರೆದ ಬಟ್ಟಲಿನಲ್ಲಿ ಮದ್ದು ಇಟ್ಟು ಕಾಯುವ ಚಕಮಕಿ ಕೋವಿಯ ಗತಿ ಏನಾದೀತೆಂದು ಯೋಚಿಸಿದರೆ ಸಾಕು. ಕೇಪಿನದು ಅದಕ್ಕಿಂತ ವಾಸಿ, ತೋಟೆಯದು ಎಲ್ಲಕ್ಕಿಂತ ವಾಸಿ. ಆದರೆ ಹೊಸ ಕೋವಿಗೆ ಹೊಸ ಪರವಾನಗಿ, ಮುಂಗಡ ಹಣ, 'ಎದುರಿನಿಂದ ತುಂಬಿಸುವುದು ನನಗೆ ಸಾಲದು' ಎಂದು ರುಜುವಾತು ಮಾಡುವ ಇನ್ನೊಂದು ಸುತ್ತು. ಅಪ್ಪನದಾದರೆ 2016ರ ಆಯುಧ ನಿಯಮಗಳ ಪ್ರಕಾರ ವಾರಸುದಾರನಾಗಿ ಕೇಳಬಹುದು. ಜೊತೆಗೆ, ಹೇಳಲು ಸಂಕೋಚವೇನೂ ಇಲ್ಲ, ಅದರ ಹಿಡಿಯ ಮೇಲೆ ಅಪ್ಪನ ಕೆನ್ನೆ ತಾಗಿ ತಾಗಿ ನುಣುಪಾದ ಜಾಗವೊಂದಿತ್ತು. ನನ್ನ ಆಯ್ಕೆ ಅಲ್ಲಿಗೆ ಮುಗಿಯಿತು.

ಮೊದಲ ಕಾಗದ ವಾರಸುದಾರರ ಪ್ರಮಾಣಪತ್ರ. ವಿಲೇಜ್ ಆಫೀಸಿನ ವಿಚಾರಣೆ, ಅಕ್ಕಪಕ್ಕದವರ ಹೇಳಿಕೆ, ಗೆಜೆಟಿನ ಪ್ರಕಟಣೆ, ಆಕ್ಷೇಪಣೆಗೆ ಮೂವತ್ತು ದಿನ, ಇವೆಲ್ಲ ದಾಟಿ ಅದು ಕೈಸೇರುವಾಗ 2024ರ ಜನವರಿ ಆಗಿತ್ತು. ಅನಂತರ ಅಮ್ಮ, ಇಬ್ಬರು ತಂಗಿಯರು ಕೋವಿ ನನಗೆ ಬರುವುದಕ್ಕೆ ತಕರಾರಿಲ್ಲವೆಂದು ಛಾಪಾ ಕಾಗದದ ಮೇಲೆ ಬರೆದುಕೊಡಬೇಕಾಯಿತು. ದೊಡ್ಡ ತಂಗಿ ಪುತ್ತೂರಿನಲ್ಲಿರುವವಳು. ಕರ್ನಾಟಕದ ಛಾಪಾ ಕಾಗದದಲ್ಲಿ ಮಾಡಿಸಿ ಅಂಚೆಯಲ್ಲಿ ಕಳುಹಿಸಿದ್ದನ್ನು ಇಲ್ಲಿ ಒಪ್ಪಲಿಲ್ಲ. ಅವಳು ಮಗುವನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬಂದು ಇಲ್ಲಿಯೇ ಸಹಿ ಹಾಕಿದಳು. ಗಡಿಯಾಚೆ ಒಡಹುಟ್ಟಿದವರಿದ್ದರೆ ತಿಥಿಗೋ ಹಬ್ಬಕ್ಕೋ ಬಂದಾಗಲೇ ಎಲ್ಲರಿಂದ ಸಹಿ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಅರ್ಜಿಯನ್ನು ಈಗ ಆನ್‌ಲೈನಿನಲ್ಲೇ ಸಲ್ಲಿಸಬೇಕು. ಎ-1 ಎಂಬ ನಮೂನೆ. ಇಂಥ ಅರ್ಜಿ ತುಂಬಿಕೊಡುವ ಅಕ್ಷಯ ಸೇವಾಕೇಂದ್ರದ ಹುಡುಗಿಗೂ ಅದು ಮೊದಲ ಅನುಭವ. ಅಪ್ಪನ ಪರವಾನಗಿಗೆ ರಾಷ್ಟ್ರೀಯ ದತ್ತಾಂಶದಲ್ಲಿ ಸಿಕ್ಕಿದ್ದ ವಿಶಿಷ್ಟ ಸಂಖ್ಯೆಯನ್ನು ಹುಡುಕಲು ಅರ್ಧ ದಿನ ಹೋಯಿತು. ಮರಣ ಪ್ರಮಾಣಪತ್ರ, ವಾರಸುದಾರರ ಪತ್ರ, ಆಧಾರ್, ತೀರ್ವೆ ರಶೀದಿ, ಸ್ವಾಧೀನ ಪತ್ರ, ಅಪ್ಪನ ಪರವಾನಗಿ ಪುಸ್ತಕದ ಪ್ರತಿ ಪುಟ, ಠಾಣೆಯ ರಶೀದಿ, ವೈದ್ಯರ ಪ್ರಮಾಣಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ಏರಿಸಿ, ಒಂದು ಪ್ರತಿಯನ್ನು ವಿದ್ಯಾನಗರದ ಜಿಲ್ಲಾಧಿಕಾರಿ ಕಛೇರಿಗೆ ಕೈಯಾರೆ ಕೊಟ್ಟು ಬಂದದ್ದು ಫೆಬ್ರವರಿಯ ಕೊನೆಯಲ್ಲಿ. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ನನ್ನ ಅರ್ಜಿಯನ್ನು ನೋಡಬೇಕಾದವರೆಲ್ಲ ಚುನಾವಣೆಯ ಕೆಲಸಕ್ಕೆ ಹೋದರು. ಜೂನ್ ಕಳೆಯುವವರೆಗೆ ಪರದೆಯ ಮೇಲೆ ಒಂದೇ ಸಾಲು: ಪರಿಶೀಲನೆಯಲ್ಲಿದೆ.

ಜುಲೈಯಿಂದ ವರದಿಗಳು ಶುರುವಾದವು. ಪೊಲೀಸರು ಮನೆಗೆ ಬಂದು ಕೋವಿ ಇಡುವ ಜಾಗ ನೋಡಿದರು. ಬೀಗವಿರುವ ಉಕ್ಕಿನ ಕಪಾಟು ಬೇಕೆಂದರು. ವಿಲೇಜ್ ಆಫೀಸಿನವರು ತೋಟದ ಅಳತೆ, ಬೆಳೆ ಬರೆದುಕೊಂಡರು. ಅರಣ್ಯ ಇಲಾಖೆಯವರು ಹಂದಿಯ ಉಪಟಳ ನಿಜವೇ ಎಂದು ನೋಡಬೇಕಿತ್ತು. ಅವರು ಬಂದ ದಿನ ಅದೃಷ್ಟಕ್ಕೆ ಹಿಂದಿನ ರಾತ್ರಿಯೇ ಸುವರ್ಣಗೆಡ್ಡೆಯ ಸಾಲನ್ನು ಹಂದಿ ಉತ್ತು ಹೋಗಿತ್ತು. ಹೆಜ್ಜೆ ಇನ್ನೂ ಒದ್ದೆಯಾಗಿತ್ತು. ಹಾನಿಯಾದಾಗಲೆಲ್ಲ ಫೋಟೋ ತೆಗೆದು ದಿನಾಂಕ ಬರೆದಿಟ್ಟುಕೊಳ್ಳಿ, ನನ್ನ ಹಾಗೆ ಅದೃಷ್ಟವನ್ನು ನಂಬಬೇಡಿ.

ಎಲ್ಲ ಸರಿಹೋಯಿತು ಎನ್ನುವಾಗ ಅಕ್ಟೋಬರಿನಲ್ಲಿ ಠಾಣೆಯಿಂದ ಕರೆ ಬಂತು. ಕೋವಿಯನ್ನು ಪರಿಶೀಲಿಸಲು ಬಂದ, ಪೊಲೀಸರ ಆಯುಧ ನೋಡಿಕೊಳ್ಳುವ ಆರ್ಮರರ್ ನಳಿಗೆಯ ಬುಡದ ತುಕ್ಕನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದಾಗ ಕೆತ್ತಿದ ನಂಬ್ರ ಮೇಲೆದ್ದಿತ್ತು. ಅದು 183. ಅಪ್ಪನ ಪರವಾನಗಿಯಲ್ಲಿದ್ದದ್ದು 188. ರಶೀದಿಯಲ್ಲಿ ಯಾವುದೂ ಇಲ್ಲ, 'ನಾಡನ್ ತೋಕ್' ಮಾತ್ರ. "ಹಾಗಾದರೆ 188 ಎಲ್ಲಿ?" ಎಂದು ಅಧಿಕಾರಿ ಕೇಳಿದರು. ಅವರ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ನ್ಯಾಯವಾದದ್ದೇ: ಪರವಾನಗಿ ಇರುವ ಕೋವಿ ಕಾಣೆಯಾಗಿದೆ, ಪರವಾನಗಿ ಇಲ್ಲದ ಕೋವಿಯೊಂದು ಠಾಣೆಗೆ ಬಂದಿದೆ. ನನ್ನ ಬೆನ್ನಿನಲ್ಲಿ ಬೆವರು ಇಳಿಯಿತು. ಅರುವತ್ತು ದಾಟಿದ ಅಮ್ಮನನ್ನೂ ಕರೆಸಿ ಹೇಳಿಕೆ ತೆಗೆದುಕೊಂಡರು. "ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಬೆಡಿ (ಕೋವಿ) ಸಾರ್, ನಾನು ಮದುವೆಯಾಗಿ ಬಂದಂದಿನಿಂದ ನೋಡಿದ್ದು ಅದನ್ನೇ" ಎಂದು ಅಮ್ಮ ಹೇಳಿದ್ದನ್ನು ಅವರು ಮಲಯಾಳದಲ್ಲಿ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿದರು.

ಮೂರು ವರ್ಷಕ್ಕೊಮ್ಮೆ ನವೀಕರಣವಾಗುವಾಗಲೆಲ್ಲ ಅಪ್ಪ ಕೋವಿಯನ್ನು ಹೊತ್ತು ಹೋಗಿ ತೋರಿಸಿದ್ದರು, ಪ್ರತಿ ಸಲವೂ ಯಾರೋ ಒಬ್ಬರು ಅದನ್ನು ನೋಡಿ ಮುದ್ರೆ ಒತ್ತಿದ್ದರು. ನಂಬ್ರವನ್ನು ಒಬ್ಬರೂ ಓದಿರಲಿಲ್ಲ, ಅಪ್ಪನೂ ಸೇರಿ.

ತಪ್ಪು ಎಲ್ಲಿಂದ ಬಂತೆಂದು ಹುಡುಕಲು ಹೊರಟಾಗ ನಮ್ಮ ಊರಿನ ಚರಿತ್ರೆಯೇ ಕಾಲಿಗೆ ತೊಡರಿತು. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಅಪ್ಪನಿಗೆ ಮೊದಲು ಪರವಾನಗಿ ಸಿಕ್ಕಿದ್ದು 1978ರಲ್ಲಿ, ಆಗ ನಾವು ಕಣ್ಣೂರು ಜಿಲ್ಲೆ. ಅದಕ್ಕೆ ಮೊದಲು ಕೋವಿ ಅಜ್ಜನ ಹೆಸರಿನಲ್ಲಿತ್ತು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು, ಕಾಗದಗಳೆಲ್ಲ ಮಂಗಳೂರಿನವು. ಮೂರು ಜಿಲ್ಲೆ, ಎರಡು ರಾಜ್ಯ, ಒಂದು ಕೋವಿ. ಹಳೆಯ ದಾಖಲೆಗೆಂದು ಬರೆದ ಪತ್ರಗಳಲ್ಲಿ ಒಂದಕ್ಕೆ ಉತ್ತರ ಬರಲಿಲ್ಲ, ಇನ್ನೊಂದಕ್ಕೆ 'ಲಭ್ಯವಿಲ್ಲ' ಎಂದು ಬಂತು. ಪತ್ರ, ನೆನಪೋಲೆ, ಮಾಹಿತಿ ಹಕ್ಕಿನ ಅರ್ಜಿ ಎಂದು ಆ ವರ್ಷ ಕಳೆಯಿತು. ಜಿಲ್ಲೆ ಬದಲಾದಾಗ ಹಳೆಯ ಪುಸ್ತಕದಿಂದ ಹೊಸ ಪುಸ್ತಕಕ್ಕೆ ಎತ್ತಿ ಬರೆದವರು 3ನ್ನು 8 ಎಂದು ಓದಿರಬೇಕು ಎಂಬುದು ನನ್ನ ಊಹೆ. ಊಹೆಯನ್ನು ಕಡತಕ್ಕೆ ಸೇರಿಸಲು ಬರುವುದಿಲ್ಲ.

ನನ್ನನ್ನು ಉಳಿಸಿದ್ದು ಅಜ್ಜನ ತಗಡಿನ ಟ್ರಂಕು. 2025ರ ಮಾರ್ಚಿನಲ್ಲಿ, ಅಟ್ಟದ ಹಂಚು ಬದಲಿಸಲು ಹತ್ತಿದಾಗ ಅದನ್ನು ಕೆಳಗಿಳಿಸಿದೆವು. ಗೇಣಿ ಚೀಟುಗಳ ಅಡಿಯಲ್ಲಿ, ಅಂಚು ಗೆದ್ದಲು ತಿಂದ ಒಂದು ಕಟ್ಟಿನೊಳಗೆ, ಅಜ್ಜ ಕೋವಿಯ ಶುಲ್ಕ ಕಟ್ಟಿದ 1953ರ ರಶೀದಿ ಸಿಕ್ಕಿತು. ಕಾಸರಗೋಡು ತಾಲೂಕು ಕಛೇರಿಯದು, ನೇರಳೆ ಶಾಯಿಯ ಕನ್ನಡ ಬರಹ. ಅದರಲ್ಲಿ ನಂಬ್ರವನ್ನು ಬರೆದದ್ದು ಕನ್ನಡದ ಅಂಕಿಯಲ್ಲಿ: ೧೮೩. ಇಂಗ್ಲಿಷಿನ 3ಕ್ಕೆ ಒಂದಿಷ್ಟು ಶಾಯಿ ಹರಡಿದರೆ 8 ಆದೀತು. ಕನ್ನಡದ ೩ ಎಷ್ಟು ಹರಡಿದರೂ ೮ ಆಗುವುದಿಲ್ಲ.

ಅದನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಕಛೇರಿಗೆ ಒಯ್ದೆ. ನನ್ನ ಕಡತ ನೋಡುವ ಗುಮಾಸ್ತರು ಮಲಯಾಳದವರು, ಒಳ್ಳೆಯ ಮನುಷ್ಯ. ಹಾಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, "ಇದರಲ್ಲಿ ನಂಬ್ರ ಎಲ್ಲಿದೆ?" ಎಂದರು. ಬೆರಳಿಟ್ಟು ತೋರಿಸಿದೆ. ಅವರು ಪಕ್ಕದ ವಿಭಾಗದಿಂದ ಕನ್ನಡ ಬಲ್ಲ ಮಹಿಳಾ ಉದ್ಯೋಗಿಯೊಬ್ಬರನ್ನು ಕರೆಸಿದರು. ಅವರೂ ಒಂದು ಕ್ಷಣ ತಡವರಿಸಿದರು. ಈಗ ನಮ್ಮ ಕನ್ನಡ ಶಾಲೆಯ ಮಕ್ಕಳೂ ಲೆಕ್ಕವನ್ನು 1, 2, 3 ಎಂದೇ ಬರೆಯುವುದಲ್ಲವೇ. ಆಮೇಲೆ ಬೆರಳಿನಲ್ಲಿ ಗಾಳಿಯ ಮೇಲೆ ಒಂದೊಂದನ್ನೇ ಬರೆದು ನೋಡಿ, "ನೂರ ಎಂಬತ್ತಮೂರು, ಸಂಶಯವಿಲ್ಲ" ಎಂದರು. ಆ ರಶೀದಿಗೆ ಮಲಯಾಳ ಅನುವಾದ ಮಾಡಿಸಿ ದೃಢೀಕರಿಸಿ ಕೊಟ್ಟ ಮೇಲೆ, ನಂಬ್ರ ತಿದ್ದುವ ಆದೇಶ ಮೇ ತಿಂಗಳಲ್ಲಿ ಬಂತು. ಠಾಣೆಯವರು ಹೊಸ ರಶೀದಿ ಕೊಟ್ಟರು. 'ನಾಡನ್' ಎಂಬ ಶಬ್ದ ಹೋಗಿ, ಒಂಟಿನಳಿಗೆಯ, ಎದುರಿನಿಂದ ತುಂಬಿಸುವ ಕೋವಿ ಎಂಬ ಅರ್ಥದ 'ಎಸ್‌ಬಿಎಂಎಲ್' ಬಂತು. ಹಳೆಯ ಕಾಗದಗಳನ್ನು ಬೆಂಕಿಗೆ ಹಾಕುವ ಮೊದಲು ನಾಲ್ಕು ಸಲ ಯೋಚಿಸಿ ಎಂದು ಈಗ ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಈ ನಡುವೆ ಹಳೆಯ ವೈದ್ಯಕೀಯ ಪ್ರಮಾಣಪತ್ರಕ್ಕೆ ವರ್ಷ ದಾಟಿತೆಂದು ಇನ್ನೊಮ್ಮೆ ಮಾಡಿಸಬೇಕಾಯಿತು. ಕಣ್ಣು, ರಕ್ತದೊತ್ತಡ, ಜೊತೆಗೆ ಮಾನಸಿಕ ಆರೋಗ್ಯ. ಮನೋವೈದ್ಯರು "ಸಿಟ್ಟು ಬರುತ್ತದೆಯೇ?" ಎಂದು ಕೇಳಿದರು. ಆ ಹೊತ್ತಿಗೆ ಎರಡು ವರ್ಷವಾಗುತ್ತ ಬಂದಿತ್ತು. ನಕ್ಕುಬಿಟ್ಟೆ, ಅವರೂ ನಕ್ಕರು. ವೈದ್ಯರ ಪತ್ರವನ್ನು ಮೊದಲೇ ಮಾಡಿಸಿ ಹಳತು ಮಾಡಬೇಡಿ, ಕೇಳಿದಾಗ ಮಾಡಿಸಿದರೆ ಸಾಕು. ಆಯುಧ ಬಳಕೆಯ ತರಬೇತಿಯ ಪ್ರಮಾಣಪತ್ರವೂ ಬೇಕು. ಪೊಲೀಸರ ಶಿಬಿರದಲ್ಲಿ 5,000 ರೂಪಾಯಿ ಕಟ್ಟಿ ಕಲಿತೆ. ಕಲಿಸಿದವರು ಶಿಸ್ತಿನ ಮನುಷ್ಯರು. ನಳಿಗೆಯ ಬಾಯಿ ಯಾವತ್ತೂ ಮನುಷ್ಯನ ಕಡೆ ತಿರುಗಬಾರದು, ಗುಂಡು ಹಾರಿಸುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು ಎಂಬುದನ್ನು ನಿದ್ದೆಯಲ್ಲೂ ಮರೆಯದ ಹಾಗೆ ತಿದ್ದಿದರು. ಆದರೆ ಗಜ ಹಾಕಿ ಮದ್ದು ಜಡಿಯುವ ಕೋವಿ ಅಲ್ಲಿ ಒಂದೂ ಇರಲಿಲ್ಲ. ಅದನ್ನು ಕಲಿಯಲು ಸೋದರಮಾವನ ಬಳಿಗೇ ಹೋಗಬೇಕಾಯಿತು. ಅವರು ಅಂಗಳದಲ್ಲಿ ಛತ್ರಿಯ ಕಾವನ್ನೇ ನಳಿಗೆ ಮಾಡಿ ತೋರಿಸಿದರು: ಮೊದಲು ಅಳತೆಯ ಮದ್ದು, ಕಣ್ಣಂದಾಜು ಬೇಡವೇ ಬೇಡ, ಅದರ ಮೇಲೆ ತೆಂಗಿನ ನಾರಿನ ಉಂಡೆ, ಗಜದಿಂದ ಒತ್ತುವುದು, ಆಮೇಲೆ ಚರೆ ಎನ್ನುವ ಸಣ್ಣ ಸೀಸದ ಗುಂಡುಗಳು, ಮತ್ತೆ ನಾರು, ಗಜಕ್ಕೆ ಗುರುತು ಹಾಕಿಟ್ಟರೆ ಒಳಗೆ ಈಡು ಇದೆಯೋ ಇಲ್ಲವೋ ಹೊರಗಿನಿಂದಲೇ ತಿಳಿಯುತ್ತದೆ, ಕೇಪು ಕಟ್ಟಕಡೆಗೆ. ಈಡು ತುಂಬಿದೆಯೆಂದು ಮರೆತು ಮೇಲಿನಿಂದ ಇನ್ನೊಂದು ಈಡು ಜಡಿದು ಬೆರಳು ಕಳೆದುಕೊಂಡವರ ಕಥೆಯನ್ನೂ ಸೇರಿಸಿದರು.

ಪರವಾನಗಿ ಕೈಗೆ ಬಂದದ್ದು 2025ರ ಅಕ್ಟೋಬರಿನಲ್ಲಿ. 2019ರ ತಿದ್ದುಪಡಿಯ ನಂತರ ಅವಧಿ ಮೂರರ ಬದಲು ಐದು ವರ್ಷ, ಅಷ್ಟು ನೆಮ್ಮದಿ. ವ್ಯಾಪ್ತಿಯ ಜಾಗದಲ್ಲಿ 'ಕೇರಳ ರಾಜ್ಯ' ಎಂದಿತ್ತು. ಇದರ ಅರ್ಥ ಮನಸ್ಸಿಗೆ ಹೊಕ್ಕದ್ದು ಕೋವಿಯನ್ನು ರಿಪೇರಿಗೆ ಒಯ್ಯಲು ಹೊರಟಾಗ. ನಮಗೆ ಬಟ್ಟೆ, ಬಂಗಾರ, ಆಸ್ಪತ್ರೆ ಎಲ್ಲಕ್ಕೂ ಮಂಗಳೂರು. ಆದರೆ ಕರ್ನಾಟಕದ ಗಡಿಯ ತಲಪಾಡಿ ದಾಟಿದರೆ ಈ ಕೋವಿ ಪುನಃ ಪರವಾನಗಿ ಇಲ್ಲದ್ದಾಗುತ್ತದೆ. ಹಾಗಾಗಿ ಇನ್ನೂ ದೂರದ ಕಣ್ಣೂರಿಗೆ, ಪರವಾನಗಿ ಇರುವ ರಿಪೇರಿಯವರಲ್ಲಿಗೆ, ಕಾಗದವನ್ನೆಲ್ಲ ಮೇಲಿಟ್ಟುಕೊಂಡು ಜೀಪಿನಲ್ಲಿ ಹೋದೆ. ಗಡಿಯ ಹತ್ತಿರದವರು ಅರ್ಜಿ ಹಾಕುವಾಗಲೇ ವ್ಯಾಪ್ತಿಯ ಬಗ್ಗೆ ಕೇಳಿಕೊಳ್ಳುವುದು ಮೇಲು.

ಅವರು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, ಬುಡದಲ್ಲಿ ಸಣ್ಣ ಸಣ್ಣ ತೂತಿನ ಗುರುತುಗಳಿದ್ದರೂ ಹದವಾದ ಮದ್ದಿಗೆ ಅಂಜಿಕೆಯಿಲ್ಲ ಎಂದರು. ಕೇಪು ಕೂರುವ ತುದಿ ಸವೆದಿತ್ತು, ಬದಲಿಸಿದರು. ಯಂತ್ರದ ತಗಡನ್ನು ಬಿಚ್ಚಿ ತೊಳೆದವರು ಅದನ್ನು ನನ್ನ ಕಡೆಗೆ ತಿರುಗಿಸಿದರು. ಉಕ್ಕಿನ ತಗಡಿನ ಮೇಲೆ ಮೂರು ಕಡೆ, ಹಳೆಯ ತಿರುಪಿನ ತೂತುಗಳನ್ನು ತುಂಬಿ ಅರ ಹಾಕಿ ಸಮ ಮಾಡಿದ ಗುಂಡಗಿನ ಕಲೆಗಳು, ಬೇರೆ ಬಣ್ಣದ ಲೋಹ. ಒಂದು ಕಾಲದಲ್ಲಿ ಮದ್ದಿನ ಬಟ್ಟಲೂ, ಕಲ್ಲು ಗೀರುವ ತಟ್ಟೆಯೂ, ಅದರ ಸ್ಪ್ರಿಂಗೂ ಕೂತಿದ್ದ ಜಾಗ. ನಳಿಗೆಯ ಪಕ್ಕದ ಕಿಡಿತೂತಿಗೆ ಗಟ್ಟಿ ತುಂಡೊಂದನ್ನು ತಿರುಪಿ ಅದರ ಮೇಲೆ ಕೇಪಿನ ತುದಿ ಕೂರಿಸಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪು ಬಂದ ಮೇಲೆ ಚಕಮಕಿ ಕೋವಿಗಳನ್ನು ಹೀಗೆ ಬದಲಿಸಿಕೊಳ್ಳುವುದು ಎಲ್ಲೆಡೆ ಇತ್ತು. ಅಪ್ಪನ ಕೇಪಿನ ಕೋವಿ ಹುಟ್ಟಿದ್ದು ಕಲ್ಲಿನ ಕೋವಿಯಾಗಿ!

ಪೆನ್ಸಿಲ್ವೇನಿಯಾದ ತಮ್ಮನಿಗೆ ಫೋಟೋ ಕಳುಹಿಸಿದ್ದೇ ತಪ್ಪಾಯಿತು. ಅದನ್ನು ಪುನಃ ಕಲ್ಲಿಗೆ ತಿರುಗಿಸಿ, ಬಿಡಿಭಾಗ ತಾನೇ ಕಳುಹಿಸುತ್ತೇನೆ ಎಂದು ಅವನು ಹಠ ಹಿಡಿದ. ಕೋವಿಯನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಮಾರ್ಪಡಿಸುವುದು ಪರವಾನಗಿ ಇರುವವರ ಕೆಲಸ, ವಿದೇಶದಿಂದ ಬಿಡಿಭಾಗ ತರಿಸುವುದು ಇನ್ನೊಂದು ಕಾನೂನಿನ ಗಂಟು ಎಂದು ಅವನಿಗೆ ತಿಳಿಹೇಳಬೇಕಾಯಿತು. ಹಾಗಾದರೆ ಪುರಾತನ ವಸ್ತುವೆಂದು ಗೋಡೆಗೆ ತೂಗುಹಾಕಿ, ಪರವಾನಗಿಯೇ ಬೇಡವಲ್ಲ ಎಂದ. ಅದೂ ಅಷ್ಟು ಸುಲಭವಲ್ಲ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯ ಹಳೆಯ ಆಯುಧಕ್ಕೆ ಮಾತ್ರ ಆ ವಿನಾಯಿತಿ. ಸುಮ್ಮನೆ ಹಳತು ಎಂಬ ಕಾರಣಕ್ಕೆ ಮನೆಯಲ್ಲಿಟ್ಟುಕೊಂಡವರು ನಮ್ಮ ಊರಲ್ಲೇ ಇದ್ದಾರೆ, ಅವರು ಇದನ್ನು ಓದಿದರೆ ಒಳ್ಳೆಯದು.

ಒಟ್ಟು ಖರ್ಚನ್ನು ಡೈರಿಯಲ್ಲಿ ಕೂಡಿಸಿ ನೋಡಿದೆ. ತರಬೇತಿಗೆ 5,000, ಕಣ್ಣೂರಿನ ರಿಪೇರಿಗೆ 3,200, ಎರಡು ಸಲದ ವೈದ್ಯಕೀಯಕ್ಕೆ 1,100, ಛಾಪಾ ಕಾಗದ, ನೋಟರಿ, ಅನುವಾದ, ಪ್ರತಿಗಳಿಗೆಂದು 2,200, ಬಸ್ಸು ಜೀಪುಗಳಿಗೆ 4,500. ಸರಕಾರದ ಶುಲ್ಕ ಬಿಟ್ಟು 16,000 ರೂಪಾಯಿ. ಉಕ್ಕಿನ ಕಪಾಟು ಮನೆಯಲ್ಲೇ ಇತ್ತು. ಲಂಚ ಕೊಟ್ಟಿಲ್ಲ, ಯಾರೂ ಕೇಳಲೂ ಇಲ್ಲ. ನಾಲ್ಕು ಬೇಸಗೆ ರಜೆಯಷ್ಟು ದಿನಗಳನ್ನು ಕಛೇರಿಯ ಬೆಂಚುಗಳ ಮೇಲೆ ಕಳೆದೆ, ಅದಕ್ಕೆ ಬೆಲೆ ಕಟ್ಟಲು ಹೋಗಿಲ್ಲ.

ಇಷ್ಟಾದ ಮೇಲೂ ಹಂದಿಯನ್ನು ಹೊಡೆಯಲು ಪರವಾನಗಿಯೊಂದೇ ಸಾಲದು. ಕೋವಿ ಇಟ್ಟುಕೊಳ್ಳುವ ಅಪ್ಪಣೆ ಬೇರೆ, ಕಾಡುಪ್ರಾಣಿಯನ್ನು ಕೊಲ್ಲುವ ಅಪ್ಪಣೆ ಬೇರೆ. 2022ರ ಸರಕಾರಿ ಆದೇಶದಂತೆ, ಊರಿನೊಳಗೆ ಬಂದು ಹಾವಳಿ ಮಾಡುವ ಹಂದಿಯನ್ನು ಕೊಲ್ಲಿಸುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗಿದೆ. ಅವರಿಗೆ ಅರ್ಜಿ ಕೊಡಬೇಕು, ಪಟ್ಟಿಯಲ್ಲಿರುವ ಪರವಾನಗಿದಾರರೇ ಹೊಡೆಯಬೇಕು. ವಿಷ, ಕರೆಂಟು, ಸಿಡಿಮದ್ದು ಕೂಡದು. ಸತ್ತ ಹಂದಿಯನ್ನು ಕ್ರಮಪ್ರಕಾರ ಹೂಳಬೇಕು, ತುಂಡೂ ಮನೆಗೆ ಒಯ್ಯುವಂತಿಲ್ಲ. ಪಟ್ಟಿಗೆ ಸೇರಲು ನಾನೂ ಅರ್ಜಿ ಕೊಟ್ಟಿದ್ದೇನೆ. ಸದ್ಯಕ್ಕೆ ನನ್ನ ಕೋವಿಯ ಕೆಲಸ ಸದ್ದು ಮಾಡುವುದಷ್ಟೇ. ಚರೆಯಿಲ್ಲದ ಬರೀ ಮದ್ದಿನ ಈಡನ್ನು ಆಕಾಶಕ್ಕೆ ಹಾರಿಸಿದ ಮೊದಲ ರಾತ್ರಿ, ಬಿಳಿ ಹೊಗೆ ತೋಟದ ಮೇಲೆ ನಿಂತು ಇಳಿಯಲು ಎಷ್ಟೋ ಹೊತ್ತು ಹಿಡಿಯಿತು. ಗಂಧಕದ ವಾಸನೆಗೆ ಅಮ್ಮ ಜಗಲಿಗೆ ಬಂದು ಸುಮ್ಮನೆ ನಿಂತರು. ಮರುದಿನ ಬೆಳಿಗ್ಗೆ ಬಿಸಿನೀರಿನಲ್ಲಿ ನಳಿಗೆ ತೊಳೆದು, ಒಣಗಿಸಿ, ತೆಂಗಿನೆಣ್ಣೆ ಸವರಿದೆ. ಕರಿಮದ್ದಿನ ಮಸಿ ತೇವವನ್ನು ಹೀರಿಕೊಳ್ಳುವುದರಿಂದ ನಮ್ಮ ಹವೆಯಲ್ಲಿ ಒಂದು ದಿನ ತಡಮಾಡಿದರೂ ತುಕ್ಕು ಏಳುತ್ತದೆ. ಎರಡು ವಾರ ಹಂದಿ ಕೆಳಗಿನ ತೋಟಕ್ಕೆ ಇಳಿಯಲಿಲ್ಲ.

ನವೆಂಬರ್ 10ಕ್ಕೆ ಪಂಚಾಯತ್ ಚುನಾವಣೆ ಘೋಷಣೆಯಾಯಿತು. ಚುನಾವಣೆ ಮುಗಿಯುವವರೆಗೆ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿಡಬೇಕೆಂದು ವಾರದೊಳಗೆ ಕರೆ ಬಂತು. ಅದೇ ಗೋಣಿಯಲ್ಲಿ ಸುತ್ತಿ, ಅದೇ ಜೀಪಿನಲ್ಲಿ, ಅದೇ ಕೌಂಟರಿಗೆ ಹೋದೆ. ನನಗಿಂತ ಮುಂದೆ ಏಳೆಂಟು ಮಂದಿ ಕೃಷಿಕರು ಕೋವಿ ಹಿಡಿದು ಸಾಲಿನಲ್ಲಿದ್ದರು. ಎಲ್ಲರ ಮಾತೂ ಒಂದೇ, ಹಂದಿಗೆ ನೀತಿಸಂಹಿತೆ ಇಲ್ಲ ಎಂದು. ನನ್ನ ಸರದಿ ಬಂದಾಗ ಎಳೆಯ ಪೊಲೀಸರೊಬ್ಬರು ಬರೆದ ರಶೀದಿಯನ್ನು ಕೈಗೆ ತೆಗೆದುಕೊಂಡು, ಅಲ್ಲಿಂದ ಕದಲದೆ, ಕನ್ನಡಕ ಹಾಕಿಕೊಂಡು ಓದಿದೆ. ಎಸ್‌ಬಿಎಂಎಲ್ ಸರಿಯಿತ್ತು. ನಂಬ್ರದ ಕೊನೆಯ ಅಂಕಿಯ ಹೊಟ್ಟೆ ಸ್ವಲ್ಪ ಮುಚ್ಚಿದ ಹಾಗಿತ್ತು. "ಸಾರ್, ಈ ಮೂರನ್ನು ಅಕ್ಷರದಲ್ಲೂ ಬರೆದುಕೊಡಿ" ಎಂದೆ. ಅವರು ನನ್ನ ಮುಖ ನೋಡಿ, ಏನೂ ಕೇಳದೆ, ಪಕ್ಕದಲ್ಲಿ ಮಲಯಾಳದಲ್ಲಿ 'ನೂಟ್ಟಿ ಎಣ್‌ಪತ್ತಿ ಮೂನ್' ಎಂದು ಬರೆದು ಸಹಿ ಹಾಕಿದರು.